ಬೋಟಿನೊಳಗೆ ನೀರು: ಬಂದದ್ದು ಎಲ್ಲಿಂದ ಮಾರಾಯ್ರೆ?

ಬೋಟಿಗೆ ನೀರು ನುಗ್ಗಿ ಮುಳುಗಡೆ, ಲಕ್ಷಾಂತರ ರೂ. ನಷ್ಟ, ಮೀನುಗಾರರು ಪಾರು. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದವೆಂದರೆ ಕರಾವಳಿಯಲ್ಲಿ ಈ ಸುದ್ದಿಗೆ ಬರವಿಲ್ಲ. ಅಚ್ಚಿನ ಮೊಳೆ ಜೋಡಿಸಿಯೇ ಇಟ್ಟಂತಿರುತ್ತದೆ. ಬೋಟಿನ ಹೆಸರು, ಊರಿನ ಹೆಸರು ಬದಲಾಯಿಸಿದರೆ ಆಯಿತು. ಆದರೆ ನೀರು ನುಗ್ಗಿದ್ದು ಎಲ್ಲಿಂದ ಎಂಬ ಒಂದು ಸಾಲು ಮಾತ್ರ ಹುಡುಕಿದರೂ ಸಿಗುವುದಿಲ್ಲ. ದಕ್ಕೆಯಲ್ಲಿ ಕೇಳಿದರೆ, "ಅಡಿ ಹಲಗೆ ಬಿಟ್ಟಿರಬೇಕು" ಎಂಬ ಉತ್ತರ. ಬಿಟ್ಟಿದ್ದನ್ನು ಕಂಡವರು ಯಾರು?

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' 7 ಮಂದಿ ಮೀನುಗಾರರೊಂದಿಗೆ ಕಾಣೆಯಾದಾಗ ಇಡೀ ಕರಾವಳಿ ಎದ್ದು ನಿಂತಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಕಡಲಲ್ಲಿ ನೌಕಾಪಡೆ ಅದರ ಅವಶೇಷ ಪತ್ತೆಮಾಡಿತು. ಅದು ಬೇರೆಯೇ ದುರಂತ, ಅದರ ತಕರಾರೂ ಬೇರೆ. ಆಳ ಕಡಲಲ್ಲಿ ಹೋದ ಬೋಟನ್ನು ತಿಂಗಳುಗಟ್ಟಲೆ ಹುಡುಕಿದ ನಾಡಿನಲ್ಲಿ, ಕಣ್ಣೆದುರೇ ದಕ್ಕೆಯ ಬದಿಯಲ್ಲಿ ಕೂತುಬಿಡುವ ಬೋಟಿನ ತೂತು ಹುಡುಕುವವರಿಲ್ಲ ಎಂಬುದಷ್ಟೇ ಇಲ್ಲಿಯ ಮಾತು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟಿಗೆ ರಜೆ. ಸೋರಿಕೆ ಹುಡುಕಿ ಮುಚ್ಚಲು ಬೇಕಾದಷ್ಟು ಸಮಯ. ಆದರೆ ಕೆಲಸ ನಡೆಯುವುದು ಜುಲೈ ಕೊನೆಯ ವಾರದಲ್ಲಿ. ಬಡಗಿ, ಮೆಕ್ಯಾನಿಕ್, ಬಣ್ಣದವನು ಎಲ್ಲರೂ ಒಟ್ಟಿಗೇ ಬೇಕು, ಯಾರೂ ಸಿಗುವುದಿಲ್ಲ. ಕೊನೆಗೆ ಬಣ್ಣ ಗೆಲ್ಲುತ್ತದೆ. ಬಣ್ಣ ಕಾಣುತ್ತದಲ್ಲ! ಇಂಜಿನ್ ಕೋಣೆಯ ಹಿಂದೆ, ಕತ್ತಲೆಯಲ್ಲಿ, ಡೀಸೆಲ್ ಮೆತ್ತಿಕೊಂಡು ಕೂತ ಗ್ಲ್ಯಾಂಡನ್ನು ಬಗ್ಗಿ ನೋಡುವವರು ಯಾರು?

ಈ ಗ್ಲ್ಯಾಂಡ್ ಎಂದರೆ ಏನು? ಇಂಜಿನ್ ಬೋಟಿನ ಒಳಗೆ, ಫ್ಯಾನು ಹೊರಗೆ ನೀರಿನಲ್ಲಿ. ನಡುವೆ ಉಕ್ಕಿನ ಶಾಫ್ಟ್. ಆ ಶಾಫ್ಟ್ ಹೊರಗೆ ಹೋಗಲು ಬೋಟಿನ ಹಿಂಭಾಗದಲ್ಲಿ, ನೀರಿನ ಮಟ್ಟದ ಕೆಳಗೇ ಒಂದು ತೂತು ಕೊರೆಯಲೇಬೇಕು. ಆ ತೂತಿನ ಕೊಳವೆಯ ಒಳತುದಿಯಲ್ಲಿ ಶಾಫ್ಟಿನ ಸುತ್ತ ಗ್ರೀಸ್ ಹಿಡಿಸಿದ ಹಗ್ಗವನ್ನು ಸುತ್ತು ಸುತ್ತಾಗಿ ಇಟ್ಟು ನಟ್ಟಿನಿಂದ ಬಿಗಿಯುತ್ತಾರೆ. ಅದೇ ಪ್ಯಾಕಿಂಗ್. ಮನೆಯ ನಲ್ಲಿಯ ತಿರುಪಿನಲ್ಲಿ ನೂಲು ಸುತ್ತಿದ ಹಾಗೆಯೇ. ಇಂಜಿನ್ ಓಡುವಾಗ ನಿಮಿಷಕ್ಕೆ ಕೆಲವು ಹನಿ ಬೀಳುವುದು ರೋಗವಲ್ಲ. ಆ ನೀರೇ ಶಾಫ್ಟನ್ನು ತಂಪಾಗಿಡುತ್ತದೆ. ಇಂಜಿನ್ ನಿಂತ ಮೇಲೂ ತೊಟ್ಟಿಕ್ಕಿದರೆ ಮಾತ್ರ ರೋಗ. "ಸ್ವಲ್ಪ ನೀರು ಬಂದೇ ಬರ್ತದೆ" ಎಂಬ ತಾಂಡೇಲನ ಮಾತು ಅರ್ಧ ಸತ್ಯ. ಹನಿಯೇ ಬೀಳಬಾರದೆಂದು ಸ್ಪ್ಯಾನರ್ ಹಿಡಿದು ಬಿಗಿಯುವ ಜಾಣನೂ ಕೆಡಿಸಿದವನೇ: ಹಗ್ಗ ಸುಟ್ಟು ಶಾಫ್ಟಿನಲ್ಲಿ ಗೀರು ಬೀಳುತ್ತದೆ, ಆಮೇಲೆ ಎಷ್ಟು ಪ್ಯಾಕಿಂಗ್ ತುರುಕಿದರೂ ನಿಲ್ಲದು. ಇಂಜಿನ್ ಬಂದು ಮಾಡಿದ ಕೂಡಲೇ ಗ್ಲ್ಯಾಂಡಿನ ಮೇಲೆ ಕೈ ಇಟ್ಟರೆ ಬೆಚ್ಚಗಿದ್ದರೆ ಸರಿ, ಕೈ ಸುಟ್ಟರೆ ಬಿಗಿ ಜಾಸ್ತಿ.

ಲೆಕ್ಕ ಹಾಕಿ ನೋಡಬಹುದು. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ ನಾಲ್ಕು ಲೀಟರಿನಷ್ಟು. ಕಲಾಸಿಯೊಬ್ಬ ಬಕೆಟಿನಲ್ಲಿ ಎತ್ತಿ ಚೆಲ್ಲಬಹುದು. ಆದರೆ ನೀರಿನ ಮಟ್ಟಕ್ಕಿಂತ 2 ಅಡಿ ಕೆಳಗೆ ಒಂದೇ ಇಂಚಿನ ತೂತು ಬಿದ್ದರೆ ನಿಮಿಷಕ್ಕೆ 60 ಲೀಟರ್, ಗಂಟೆಗೆ ಮೂರೂವರೆ ಟನ್ನಿಗೂ ಮೇಲೆ. ಪಂಪು ಓಡುತ್ತಿದ್ದರೆ ಸರಿ. ರಾತ್ರಿ ದಕ್ಕೆಯಲ್ಲಿ ಕಟ್ಟಿ, ಬ್ಯಾಟರಿ ಇಳಿದು, ಜನರೆಲ್ಲ ಮನೆಗೆ ಹೋಗಿದ್ದರೆ ಬೆಳಿಗ್ಗೆ ನೀರ ಮೇಲೆ ಉಳಿಯುವುದು ಬಾವುಟದ ಕೋಲು.

ನೀರೇ ಹೇಳುತ್ತದೆ

ಹಾಗಾದರೆ ಪತ್ತೆ ಹೇಗೆ? ಮೊದಲು ಬಂದ ನೀರನ್ನೇ ವಿಚಾರಿಸಬೇಕು. ಅಡಿಯಲ್ಲಿ ನಿಂತದ್ದೆಲ್ಲ ಕಡಲ ನೀರಲ್ಲ. ಮೀನಿನ ಕೋಣೆಯ ಐಸ್ ಕರಗಿ ಇಳಿದದ್ದಾದರೆ ತಣ್ಣಗೆ, ಮೀನು ವಾಸನೆ, ಉಪ್ಪು ಕಡಿಮೆ. ಇಂಜಿನ್ ತಂಪು ಮಾಡುವ ಪೈಪು ಒಡೆದಿದ್ದರೆ ನೀರು ಬೆಚ್ಚಗೆ, ಮತ್ತು ಇಂಜಿನ್ ಓಡುವಾಗಲೇ ಹೆಚ್ಚು. ಖಾಲಿ ಬೋಟಿನಲ್ಲಿ ಒಣಗಿದ್ದು, ಐಸ್ ಮೀನು ತುಂಬಿದ ಮೇಲೆ ಮಾತ್ರ ನೀರು ಕಂಡರೆ? ಹಿಂಭಾಗ ತಗ್ಗಿದಾಗ ನೀರಿಗೆ ಸಿಗುವ ಜಾಗ ಹುಡುಕಬೇಕು: ಚುಕ್ಕಾಣಿಯ ಗ್ಲ್ಯಾಂಡ್, ಹೊಗೆ ಕೊಳವೆಯ ಬಾಯಿ, ಮೇಲು ಹಲಗೆಯ ಸಂದು. ಹೊಸ ಪ್ಯಾಕಿಂಗ್ ಹಾಕಿ ತಿಂಗಳಾಗಿಲ್ಲ, ಮತ್ತೆ ಸೋರಿಕೆ ಎಂದರೆ ತಪ್ಪು ಪ್ಯಾಕಿಂಗಿನದ್ದಲ್ಲ. ಬಲೆ ಫ್ಯಾನಿಗೆ ಸುತ್ತಿಕೊಂಡೋ, ಅಳಿವೆಯ ಮರಳಿಗೆ ತಾಗಿಯೋ ಶಾಫ್ಟ್ ಬಾಗಿರುತ್ತದೆ, ಇಲ್ಲವೇ ಬೇರಿಂಗ್ ಸವೆದಿರುತ್ತದೆ. ಅಡಿಯನ್ನು ಒರೆಸಿ ಒಣಗಿಸಿ ಹಳೆಯ ಪತ್ರಿಕೆ ಹಾಸಿದರೆ ಮೊದಲು ಒದ್ದೆಯಾಗುವ ಮೂಲೆ ಗುಟ್ಟು ಬಿಡುತ್ತದೆ. ಸಂಜೆ ಪತ್ರಿಕೆ ಅಷ್ಟಕ್ಕಾದರೂ ಉಪಯೋಗವಾಗಲಿ!

ಸ್ಪೀಡ್ ಬೋಟುಗಳಲ್ಲಿ ಕಾಣುವ ಸ್ಟರ್ನ್‌ಡ್ರೈವ್ ಎಂಬ ಜಾತಿಯದು ಇನ್ನೊಂದು ಕಥೆ. 1959ರಲ್ಲಿ ಸ್ವೀಡನ್ನಿನ ವೋಲ್ವೊ ಪೆಂಟಾ ಕಂಪೆನಿ ನ್ಯೂಯಾರ್ಕಿನ ಬೋಟ್ ಪ್ರದರ್ಶನದಲ್ಲಿ ಇದನ್ನು ಜಗತ್ತಿಗೆ ತೋರಿಸಿತು. ಇಂಜಿನ್ ಒಳಗೆ, ಮೇಲೆ ಕೆಳಗೆ ಅಕ್ಕಪಕ್ಕ ತಿರುಗುವ ಕಾಲು ಹೊರಗೆ. ನಡುವಿನ ದೊಡ್ಡ ತೂತಿಗೆ ಕಾವಲು ಹಾರ್ಮೋನಿಯಂ ತಿದಿಯಂಥ ಒಂದು ರಬ್ಬರ್ ಬೆಲ್ಲೋಸ್. ಬಿಸಿಲಿಗೆ, ಉಪ್ಪಿಗೆ, ಚಿಪ್ಪಿನ ಹುಳುವಿಗೆ ಅದರ ಮಡಿಕೆ ಬಿರಿಯಿತೋ, ನೀರು ಮೊದಲು ಒಳಗಿನ ಬೇರಿಂಗಿಗೆ, ಆಮೇಲೆ ಬೋಟಿಗೆ. ತಿರುವುವಾಗ ಗುರ್‌ಗುರ್ ಸದ್ದು ಬಂದರೆ ಬೇರಿಂಗ್ ತುಕ್ಕು ಹಿಡಿದಿದೆ ಎಂದೇ ಅನುಮಾನಿಸಬೇಕು. ಕಾಲಿನ ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಅದು ಕಾಲಿನ ಸೀಲಿನ ರೋಗ. ಗಾಳಿ ತುಂಬಿ ಒತ್ತಡ ನಿಲ್ಲುತ್ತದೋ ಎಂದು ನೋಡಿ ಹಿಡಿಯಬೇಕು. ಬೋಟಿನೊಳಗೆ ನೀರು ಬರುವುದು ಬೇರೆ ರೋಗ. ಎರಡನ್ನೂ ಒಂದೇ ಎಂದುಕೊಂಡು ಸೀಲಿಗೆ ದುಡ್ಡು ಸುರಿದು, ಬೆಲ್ಲೋಸ್ ಮುಟ್ಟದೆ ಬಿಟ್ಟವರಿದ್ದಾರೆ. ಸಣ್ಣ ಬೋಟಾದರೆ ದಡಕ್ಕೆಳೆದು ಒಳಗೆ ನಾಲ್ಕು ಬೆರಳು ನೀರು ಹೊಯ್ದು, ಹೊರಗೆ ಎಲ್ಲಿ ತೊಟ್ಟಿಕ್ಕುತ್ತದೆಂದು ನೋಡಿದರೆ ತೂತು ಎಷ್ಟೋ ಸಲ ತಾನೇ ಸಿಕ್ಕಿಬೀಳುತ್ತದೆ. ಪ್ರವಾಸಿಗರನ್ನು ಕೂರಿಸಿ ಹೋಗುವ ಬೋಟಿನಲ್ಲಿ ಲೈಫ್ ಜಾಕೆಟ್ ಎಣಿಸುವವರು ಈ ರಬ್ಬರಿನ ವಯಸ್ಸನ್ನೂ ಕೇಳಬೇಡವೇ?

ಇದರಲ್ಲಿ ಪೇಟೆಯವರಿಗೇನು ಎನ್ನಬಹುದು. ಒಂದು ಬೋಟು ಕೂತರೆ ಏಳೆಂಟು ಮನೆಯ ಒಲೆ ಕೂರುತ್ತದೆ. ಐಸ್ ಪ್ಲಾಂಟಿನ ಬಾಕಿ, ಡೀಸೆಲ್ ಬಾಕಿ, ದಿನಸಿ ಅಂಗಡಿಯ ಖಾತೆ ಪುಸ್ತಕದ ಪುಟ, ಬೆಳಗಿನ ಬಸ್ಸಿನಲ್ಲಿ ಬುಟ್ಟಿ ಹಿಡಿದು ಬರುವ ಹೆಂಗಸಿನ ವ್ಯಾಪಾರ, ಎಲ್ಲಕ್ಕೂ ಅದೇ ತೂತು.

ಇನ್ನು ವಿಮೆ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯ ಗುಂಪು ವಿಮೆಯಲ್ಲಿ ಅಪಘಾತದಲ್ಲಿ ಸತ್ತ ಮೀನುಗಾರನ ಕುಟುಂಬಕ್ಕೆ 5 ಲಕ್ಷ ರೂ. ಇದೆ. ಅದು ಜೀವಕ್ಕೆ, ಬೋಟಿಗಲ್ಲ. ಬೋಟಿನ ವಿಮೆ ಮಾಲೀಕ ಬೇರೆಯೇ ಮಾಡಿಸಬೇಕು. ಅಪಘಾತಕ್ಕೆ ಹಣ, ಸವೆತಕ್ಕೆ ಇಲ್ಲ ಎಂಬುದು ವಿಮೆಯ ಮಾಮೂಲು ಷರತ್ತು. ಪ್ಯಾಕಿಂಗ್ ಸವೆದು ನೀರು ಬಂದಿತೋ, ತೇಲುವ ಮರದ ದಿಮ್ಮಿ ಬಡಿದು ಬಂದಿತೋ ಎಂಬುದರ ಮೇಲೆ ಮಾಲೀಕನ ಹಣೆಬರಹ ನಿಂತಿರುವಾಗ, "ಆಕಸ್ಮಿಕವಾಗಿ ನೀರು ನುಗ್ಗಿ" ಎಂಬ ತೇಲಿಕೆಯ ಮಾತು ಯಾರಿಗೂ ಆಗಿಬರುವುದಿಲ್ಲ. ನಿಜವಾಗಿ ದಿಮ್ಮಿ ಬಡಿದವನೂ ಸವೆದವರ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ.

ಹೊಸ ಕಾನೂನೇನೂ ಬೇಡ. ಮಹಜರು ಬರೆಯುವಾಗ ಮೂರು ಪ್ರಶ್ನೆ ಕೇಳಿದರೆ ಸಾಕು: ಮೊದಲು ಕಂಡ ನೀರು ಬೆಚ್ಚಗೋ ತಣ್ಣಗೋ, ಆಗ ಇಂಜಿನ್ ಓಡುತ್ತಿತ್ತೋ ನಿಂತಿತ್ತೋ, ಕೊನೆಯ ಸಲ ಪ್ಯಾಕಿಂಗ್ ಹಾಕಿದ್ದು ಯಾವಾಗ. ಮೂರಕ್ಕೂ ಉತ್ತರ ತಾಂಡೇಲನ ಬಾಯಲ್ಲೇ ಇರುತ್ತದೆ. ಆದರೆ ಅದನ್ನು ಅದೇ ದಿನ ಕೇಳಬೇಕು. ಮುಳುಗಿದ್ದನ್ನು ಎತ್ತಿ ದಡಕ್ಕೆಳೆಯುವ ಹೊತ್ತಿಗೆ ಅವನು ಹೊಟ್ಟೆಪಾಡಿಗೆ ಇನ್ನೊಂದು ಬೋಟು ಹತ್ತಿ ಹೋಗಿರುತ್ತಾನೆ.