ಹೂವು ಬಿಚ್ಚುವ ಹೊತ್ತು

ಏಪ್ರಿಲ್‌ನಲ್ಲಿ ಅಪ್ಪ ಫೋನ್ ಮಾಡಿದರೆ ಮೊದಲ ಮಾತೇ ಬಿಸಿಲಿನದ್ದು. ಸಿಂಧನೂರಿನ ಹತ್ತಿರ ನಮ್ಮದು ನಾಲ್ಕು ಎಕರೆ ಬೇಸಿಗೆ ಭತ್ತ, ತುಂಗಭದ್ರಾ ಕಾಲುವೆಯ ನೀರು. ಕಳೆದ ಬೇಸಿಗೆಯಲ್ಲಿ ಬೆಳೆ ನೋಡೋಕೆ ಚೆನ್ನಾಗೇ ಇತ್ತು. ತೆನೆ ಹಿಡಿದು ನೋಡಿದರೆ ಮೂರರಲ್ಲಿ ಒಂದು ಪಾಲು ಜೊಳ್ಳು. ನೀರಿತ್ತು, ಗೊಬ್ಬರ ಬಿದ್ದಿತ್ತು, ರೋಗವೂ ಇರಲಿಲ್ಲ. “ನೆಲ್ಲಿನ ಹೂವು ಬಿಚ್ಚೋ ಹೊತ್ತಿನ್ಯಾಗ ಝಳ ಬಡೀತವ್ವ” ಅಂದರು ಅಪ್ಪ, ಅಷ್ಟೇ.

ಬೆಂಗಳೂರಿನ ಎಸಿ ಆಫೀಸಿನಲ್ಲಿ ಕೂತು ನಾನು ಆ ‘ಹೊತ್ತು’ ಅನ್ನೋ ಮಾತಿನ ಹಿಂದೆ ಬಿದ್ದೆ.

ಭತ್ತದ ಒಂದೊಂದು ಹೂವೂ ಬಿಚ್ಚುವುದು ಒಂದೇ ಸಲ. ಬೆಳಗ್ಗೆ ಹತ್ತು–ಹನ್ನೊಂದರ ಆಸುಪಾಸು ತೆರೆದುಕೊಂಡರೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಮುಚ್ಚಿಕೊಳ್ಳುತ್ತೆ. ಪರಾಗ ಉದುರಿ ಕಾಳು ಕಟ್ಟೋಕೆ ಸಿಗೋದು ಅಷ್ಟೇ ಸಮಯ. ಆಗ ಉಷ್ಣತೆ 35 ಡಿಗ್ರಿ ದಾಟಿದ್ದರೆ ಪರಾಗ ಸರಿಯಾಗಿ ಉದುರುವುದಿಲ್ಲ, ಕಾಳು ಜೊಳ್ಳಾಗುತ್ತೆ. ಅದೇ ಬಿಸಿಲು ಮಧ್ಯಾಹ್ನ ಎರಡಕ್ಕೆ ಬಂದರೆ ಅಷ್ಟು ಹಾನಿಯಿಲ್ಲ, ಯಾಕಂದ್ರೆ ಗರ್ಭ ಕಟ್ಟೋ ಕೆಲಸ ಅಷ್ಟರಲ್ಲಿ ಮುಗಿದಿರುತ್ತೆ.

ಈ ಸಮಯ ಗಿಡಕ್ಕೆ ಹೇಗೆ ಗೊತ್ತಾಗುತ್ತೆ? ಬೆಳಕು, ಉಷ್ಣತೆಯ ಜೊತೆಗೆ ಗಿಡದೊಳಗೇ ಒಂದು ಗಡಿಯಾರ ಇದೆ. 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಎಂಬಾತ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಎಲೆಗಳು ಹಗಲಿಗೆ ಬಿಚ್ಚಿ ರಾತ್ರಿಗೆ ಮುಚ್ಚಿದವು. ಈಗ ಗೊತ್ತಿರೋದು ಇಷ್ಟು: ಮುಂಜಾನೆ ಚುರುಕಾಗುವ ಕೆಲವು ಜೀನ್‌ಗಳು ಸಂಜೆಯ ಜೀನ್‌ಗಳನ್ನು ತಡೆದಿಡುತ್ತವೆ, ಸಂಜೆಯವು ಮುಂಜಾನೆಯವನ್ನು ತಡೆಯುತ್ತವೆ. ಹೀಗೆ ಒಂದು ಸುತ್ತು ಬರೋಕೆ ಸುಮಾರು 24 ಗಂಟೆ. (ನನ್ನದು ರಿಲೀಸ್ ವಾರದಲ್ಲಿ 30 ಗಂಟೆಯ ಸುತ್ತು, ಬಿಡಿ.)

ಗಿಡ ನೆರಳಿಗೆ ಎದ್ದು ಹೋಗೋ ಹಾಗಿಲ್ಲ. ಅದಕ್ಕೇ ಬಿಸಿಲು ಏರುವ ಮುಂಚೆಯೇ ಒಳಗೆ ತಯಾರಿ ಮಾಡಿಕೊಳ್ಳುತ್ತೆ. ಹತ್ತಿ ಸಸಿಗಳ ಮೇಲೆ ನಡೆದ ಒಂದು ಹಳೆಯ ಪ್ರಯೋಗದಲ್ಲಿ ಅವು ಶಾಖವನ್ನು ಚೆನ್ನಾಗಿ ತಡೆದದ್ದು ಹಗಲಿನಲ್ಲಿ, ಚಳಿಯನ್ನು ತಡೆದದ್ದು ರಾತ್ರಿಯಲ್ಲಿ. ಅದೇ ಸಸಿ, ಬೇರೆ ಗಂಟೆ, ಬೇರೆ ತಾಳಿಕೆ.

ಭತ್ತದ ವಿಜ್ಞಾನಿಗಳಿಗೆ ಹೊಳೆದದ್ದೂ ಇದೇ ದಾರಿ. ಬಿಸಿಲು ತಡೆಯೋ ಹೂವು ಬೇಡ, ಬಿಸಿಲಿಗೆ ಸಿಗದ ಹೂವು ಸಾಕು! ‘ಒರೈಜಾ ಅಫಿಸಿನಾಲಿಸ್’ ಅನ್ನೋ ಕಾಡು ಭತ್ತ ನಸುಕು ಕಳೆದ ಸ್ವಲ್ಪ ಹೊತ್ತಿಗೇ ಹೂ ಬಿಚ್ಚುತ್ತೆ. ಜಪಾನಿನ ಮತ್ತು ಫಿಲಿಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ಗುಣವನ್ನು ನಮ್ಮ ರೈತರಿಗೂ ಪರಿಚಯದ ಐಆರ್ 64 ತಳಿಗೆ ತಂದರು. ಹೂವು ಒಂದೂವರೆ–ಎರಡು ಗಂಟೆ ಮೊದಲೇ ಬಿಚ್ಚಿತು, ಜೊಳ್ಳು ಕಡಿಮೆಯಾಯಿತು.

ನನ್ನ ಖುಷಿಗೆ ತಣ್ಣೀರೆರಚಿದ್ದು ರಾತ್ರಿಯ ಸೆಕೆಯ ವಿಷಯ. ಗಿಡ ತನ್ನ ಗಡಿಯಾರವನ್ನು ದಿನಾ ಹೊಂದಿಸಿಕೊಳ್ಳೋದು ಬೆಳಕಿನಿಂದ, ಜೊತೆಗೆ ಹಗಲು ಬಿಸಿ, ರಾತ್ರಿ ತಂಪು ಅನ್ನೋ ವ್ಯತ್ಯಾಸದಿಂದ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫಿಲಿಪೀನ್ಸಿನ ಗದ್ದೆಯಲ್ಲಿ ಹೀಟರ್ ಇಟ್ಟು ರಾತ್ರಿಯ ಉಷ್ಣತೆಯನ್ನು 2 ಡಿಗ್ರಿಯಷ್ಟು ಏರಿಸಿದ್ದರು. ತೆನೆಯೊಳಗಿನ ನೂರಾರು ಜೀನ್‌ಗಳ ದಿನಚರಿಯೇ ಏರುಪೇರಾಗಿತ್ತು. ಹಗಲಿನ ಬಿಸಿಲನ್ನಷ್ಟೇ ಲೆಕ್ಕ ಹಾಕ್ತಿದ್ದ ನನಗೆ, ರಾತ್ರಿ ಎರಡಕ್ಕೂ ಅಂಗಳ ತಣ್ಣಗಾಗದ ನಮ್ಮೂರಿನ ಮೇ ತಿಂಗಳು ನೆನಪಾಯಿತು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ನಮಗ ಗೊತ್ತಿಲ್ಲೇನು? ಅದಕ್ಕs ಹೂವಿನ ಹೊತ್ತಿಗೆ ಔಷಧ ಹೊಡೆಯಂಗಿಲ್ಲ, ಹೊತ್ತು ಇಳಿದ ಮ್ಯಾಲೆ ಹೊಡೀತೀವಿ. ಆ ಮುಂಜಾನಿ ಹೂವಿನ ಬೀಜ ಇಲ್ಲಿ ಸಿಗ್ತೈತೇನು?”

ಊರಿನ ಬೀಜದಂಗಡಿಗೆ ಆಗಲೇ ಫೋನ್ ಮಾಡಿ ಕೇಳಿದ್ದೆ. ಅವರು ಅಂಥದ್ದರ ಹೆಸರೇ ಕೇಳಿರಲಿಲ್ಲ. “ಹಾಗಾದ್ರೆ ಈ ಸಲ ಹದಿನೈದು ದಿನ ಮೊದಲೇ ನಾಟಿ ಮಾಡೋಣಪ್ಪ, ಝಳ ಏರೋದ್ರೊಳಗೆ ಹೂವು ಮುಗಿಯುತ್ತೆ” ಅಂದೆ.

“ಮಾಡೂಣು. ಕಾಲುವಿಗೆ ನೀರು ಯಾವಾಗ ಬಿಡ್ತಾರಂತ ಕೇಳಿ ಹೇಳು” ಅಂದರು.