ಹಿಂದೆ ನಿಂತು ಹಾಡಿಸಿದವರು

ಕಳೆದ ತಿಂಗಳು ನಮ್ಮೂರಿನ ರೈತರೊಬ್ಬರು ಸಂಜೆಯ ಹೊತ್ತು ಶಾಲೆಯ ಕಟ್ಟೆಗೆ ಬಂದು ಕುಳಿತರು. ಅವರ ಮಗ ನಮ್ಮಲ್ಲಿಯೇ ಏಳನೆಯ ಇಯತ್ತೆಯವರೆಗೆ ಕಲಿತವನು. ಈಗ ಜತ್ತದ ಕಾಲೇಜಿಗೆ ಹೋಗುತ್ತಾನೆ. "ಗುರುಗಳ, ಹುಡುಗ ಗಿಟಾರ ತಂದಾನ್ರಿ. ರಾತ್ರಿಯೆಲ್ಲಾ ಅದನ್ನ ಬಾರಿಸ್ತಾನ, ತಾನ ಹಾಡ ಕಟ್ಟತಾನ. ಹಾಡಿದ್ರ ಹೊಟ್ಟಿ ತುಂಬತೈತೇನ್ರಿ? ನೀವಾರೆ ನಾಕು ಮಾತು ಹೇಳ್ರಿ" ಎಂದರು.

ಆ ನಾಲ್ಕು ಮಾತು ನಮ್ಮ ಬಾಯಲ್ಲಿ ಸಿದ್ಧವಾಗಿಯೇ ಇದ್ದವು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರಿಗೆ ಉಪದೇಶ ಹುಡುಕಬೇಕಾಗುವುದಿಲ್ಲ. ಆದರೂ ಅಂದು ಆಡಲಿಲ್ಲ. ಹಳೆಯದೊಂದು ಸಂಗತಿ ನೆನಪಾಗಿ ನಾಲಗೆ ತಡೆಯಿತು.

ನಾವು ಮಾಸ್ತರಿಕೆಗೆ ಸೇರಿದ ಹೊಸತು. ಶಾಲೆಯ ಸ್ನೇಹಸಮ್ಮೇಳನದಲ್ಲಿ ಹುಡುಗನೊಬ್ಬ ತಾನೇ ಕಟ್ಟಿದ ಪದವನ್ನು ಹಿಂದಿ ಡಿಸ್ಕೋ ಹಾಡಿನ ಮಟ್ಟಿನಲ್ಲಿ ಹಾಡುತ್ತೇನೆಂದು ಹೆಸರು ಕೊಟ್ಟಿದ್ದ. ಪರದೇಶದ ಕುಣಿತ ನಮ್ಮ ಶಾಲೆಗೇಕೆಂದು ನಾವು ಯಾದಿಯಿಂದ ಆ ಹೆಸರನ್ನು ಹೊಡೆದು ಹಾಕಿದೆವು. ಆ ಹುಡುಗ ಮುಂದೆಂದೂ ಹಾಡಲು ಕೇಳಲಿಲ್ಲ. ನಾವೂ ಕೇಳಲಿಲ್ಲ.

ಅವನು ಆರಿಸಿಕೊಂಡ ಮಟ್ಟು 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಹಾಡಿನದು. ಬಾಲಕರಾಗಿದ್ದಾಗ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯಲ್ಲಿ, ಮಿಠಾಯಿ ಅಂಗಡಿಯ ಭೋಂಗಾದಿಂದ ನಾವೇ ಅದನ್ನು ಬಾಯಿ ತೆರೆದು ಕೇಳಿದ್ದುಂಟು. ಅದಕ್ಕೆ ರಾಗ ಹಾಕಿದವರು ಕನ್ನಡ ನಾಡಿನಲ್ಲಿಯೇ ಹುಟ್ಟಿದವರೆಂಬುದು ಆಗಲೂ ಗೊತ್ತಿರಲಿಲ್ಲ, ಹೆಸರು ಹೊಡೆದಾಗಲೂ ಗೊತ್ತಿರಲಿಲ್ಲ. ಆ ಚಿತ್ರದ ಉಳಿದ ಹಾಡುಗಳಿಗೆ ಕಲ್ಯಾಣಜಿ-ಆನಂದಜಿ ಸಂಗೀತ ಕೊಟ್ಟಿದ್ದರು. ಈ ಒಂದು ಹಾಡು ಮಾತ್ರ ಲಂಡನ್ನಿನಿಂದ ಬಂದಿತ್ತು, ಬಿದ್ದು ಅಪ್ಪಯ್ಯ ಎಂಬವರ ಕೈಯಿಂದ.

ಅಪ್ಪಯ್ಯನವರು ಕೊಡವ ಮನೆತನದವರು, 1945ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಸಿಲೋನ್ ರೇಡಿಯೋದಲ್ಲಿ ಇಂಗ್ಲಿಷ್ ಹಾಡು ಕೇಳುತ್ತ ಬೆಳೆದು, ಗಿಟಾರು ಕಲಿತು, ಗೆಳೆಯರೊಡನೆ 'ಟ್ರೋಜನ್ಸ್' ಎಂಬ ಮೇಳ ಕಟ್ಟಿದರು. ಬೆಂಗಳೂರಿನಲ್ಲಿ, ಕಲಕತ್ತೆಯಲ್ಲಿ ಹಾಡಿದರು. ಮೇಳ ಮುರಿಯಿತು. ಒಬ್ಬರೇ ಉಳಿದಾಗ 'ಒಂಟಿ ಟ್ರೋಜನ್' ಎಂದು ಹೆಸರಿಟ್ಟುಕೊಂಡು ಮುಂಬಯಿಯಲ್ಲಿ ಹಾಡತೊಡಗಿದರು. ಗೆಳೆಯರು ಬಿಟ್ಟು ಹೋದರೂ ಮೇಳದ ಹೆಸರನ್ನು ಬಿಡಲೊಲ್ಲದ ಆ ಹಟ ನಮಗೆ ಬಹಳ ಹಿಡಿಸುತ್ತದೆ.

1967ರ ಸುಮಾರಿಗೆ, ಬೀಟಲ್ಸ್ ತಂಡದ ಹುಚ್ಚಿನಲ್ಲಿ, ಮಧ್ಯಪ್ರಾಚ್ಯದ ದೇಶಗಳನ್ನು ಹಾಯ್ದು ಇಂಗ್ಲೆಂಡಿಗೆ ಹೊರಟರು. ಅಲ್ಲಿ ಯಾರೂ ಹಾರ ಹಿಡಿದು ನಿಂತಿರಲಿಲ್ಲ. ಲಂಡನ್ನಿನ ಅಮೆರಿಕಾ ರಾಯಭಾರ ಕಚೇರಿಯ ಅಡುಗೆಮನೆಯಲ್ಲಿ ದುಡಿದರು. ಹಾಗೆ ಕೂಡಿಸಿದ ಹಣದಿಂದ ಧ್ವನಿಮುದ್ರಣದ ಕೋಣೆಯನ್ನು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದರು. ಗಾಯಕರಾಗಿ ಅವರಿಗೆ ಹೆಸರು ಬರಲಿಲ್ಲ. ಬೇರೆಯವರ ಕಂಠಕ್ಕೆ ತಕ್ಕ ಹಾಡನ್ನು ಹೊಂದಿಸುವ ಕೆಲಸ ಕೈಹಿಡಿಯಿತು. 1969ರಲ್ಲಿ 'ಟೈಗರ್ಸ್' ಎಂಬ ಜಪಾನಿ ತಂಡಕ್ಕೆ ಅವರು ಸಿದ್ಧಪಡಿಸಿದ ತಟ್ಟೆ ಜಪಾನಿನಲ್ಲಿ ಗೆದ್ದಿತು. ಈ ಕೆಲಸದವರನ್ನು ಅಲ್ಲಿ ಪ್ರೊಡ್ಯೂಸರ್ ಎನ್ನುತ್ತಾರೆ. ನಮ್ಮ ಸಿನಿಮಾದಲ್ಲಿ ಆ ಹೆಸರು ಹಣ ಹಾಕುವವರಿಗೆ. ಅಲ್ಲಿ ಯಾರು ಹಾಡಬೇಕು, ಯಾವ ವಾದ್ಯ ಎಲ್ಲಿ ನುಡಿಯಬೇಕು ಎಂದು ತೀರ್ಮಾನಿಸುವವರಿಗೆ.

1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಾಸ್ ಎಂಬ ಗಾಯಕರಿಂದ ಅಪ್ಪಯ್ಯನವರು ಒಂದು ಹಾಡು ಹಾಡಿಸುತ್ತಿದ್ದರು. ಬಾಡಿಗೆಯ ಅವಧಿ ಮೂರು ತಾಸು. ತಟ್ಟೆಯ ಮುಖ್ಯ ಮಗ್ಗುಲಿನ ಹಾಡಿಗೇ ಎರಡು ತಾಸಿಗೂ ಮಿಕ್ಕಿ ಹೋಯಿತು. ಹಿಂದಿನ ಮಗ್ಗುಲನ್ನು ಬರಿದು ಬಿಡುವಂತಿಲ್ಲವಲ್ಲ! ಡಗ್ಲಾಸರ ಬಳಿಯಿದ್ದ ಪದಗಳಲ್ಲಿ ಕುಂಗ್ ಫೂ ಕಾಳಗದ ಮೇಲಿನದೊಂದನ್ನು ಆರಿಸಿ, ರಾಗ ಹಾಕಿ, ಉಳಿದ ಹತ್ತೇ ನಿಮಿಷಗಳಲ್ಲಿ ಮುದ್ರಿಸಿ ಮುಗಿಸಿದರು. ಕೇಳಿದ ಕಂಪನಿಯವರು ಅದನ್ನೇ ಮುಂದಿನ ಮಗ್ಗುಲಿಗೆ ತರಿಸಿದರು. 'ಕುಂಗ್ ಫೂ ಫೈಟಿಂಗ್' ಅದೇ ವರ್ಷ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮೊದಲನೆಯ ಸ್ಥಾನಕ್ಕೇರಿತು. ಮಾರಾಟವಾದ ತಟ್ಟೆಗಳು ಕೋಟಿಯ ಆಸುಪಾಸು. ಎರಡು ವರ್ಷಗಳ ತರುವಾಯ ಅವರ ನಿರ್ಮಾಣದಲ್ಲಿ ಟೀನಾ ಚಾರ್ಲ್ಸ್ ಹಾಡಿದ ಹಾಡೂ ಇಂಗ್ಲೆಂಡಿನಲ್ಲಿ ಮೊದಲನೆಯದಾಯಿತು.

ಹತ್ತು ನಿಮಿಷವೆಂದು ಬರೆದುಬಿಟ್ಟೆವು. ತರುಣ ವಾಚಕರು ಇಷ್ಟನ್ನೇ ಹಿಡಿದುಕೊಳ್ಳಬಾರದು. ಆ ಹತ್ತು ನಿಮಿಷದ ಹಿಂದೆ ಅಡುಗೆಮನೆಯ ದಿನಗಳನ್ನೂ ಕೂಡಿಸಿ ಎಣಿಸಬೇಕು.

'ಕುರ್ಬಾನಿ' ಮಾಡಿದ ಫಿರೋಜ್ ಖಾನರೂ ಬೆಂಗಳೂರಿನಲ್ಲಿ ಹುಟ್ಟಿದವರೇ. ಹಾಡಿದ ನಾಜಿಯಾ ಹಸನ್ ಪಾಕಿಸ್ತಾನದ ಹುಡುಗಿ, ಲಂಡನ್ನಿನಲ್ಲಿ ಓದುತ್ತಿದ್ದವಳು. ಹದಿನೈದರ ವಯಸ್ಸಿಗೆ ಆ ಹಾಡಿಗಾಗಿ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದಳು. 1981ರಲ್ಲಿ ಅವಳು ತಮ್ಮ ಜೊಹೇಬನೊಡನೆ ಹಾಡಿದ 'ಡಿಸ್ಕೋ ದೀವಾನೆ' ಬಂದಿತು. 1995ರಲ್ಲಿ ಅಲೀಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ಕೂಡ ಅಪ್ಪಯ್ಯನವರದೇ. ಅದನ್ನು ಮೊದಲು ನಾಜಿಯಾಳಿಗೆಂದೇ ಮಾಡಿದ್ದರಂತೆ. ಭಾರತವನ್ನು ಹೊಗಳುವ ಹಾಡು ಹಾಡಿದರೆ ತನ್ನ ದೇಶದವರು ನೊಂದುಕೊಂಡಾರೆಂದು ಅವಳು ಒಲ್ಲೆನೆಂದಳೆಂದು ಹೇಳುತ್ತಾರೆ. ಗಡಿಯಲ್ಲಿ ಬಾಳುವ ನಮಗೆ ಅವಳ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. 2000ದಲ್ಲಿ, ಮೂವತ್ತೈದರ ಪ್ರಾಯದಲ್ಲಿ, ಅವಳು ತೀರಿಕೊಂಡಳು. ಅಪ್ಪಯ್ಯನವರು 2010ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಬರೆದರು.

ಈ ಕಥೆಯನ್ನು ಆ ತಂದೆಗೆ ಕಟ್ಟೆಯ ಮೇಲೆಯೇ ಹೇಳಿದೆವು. ಹೆಸರು ಹೊಡೆದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಡಿಗಿ ಮಾಡಿ ರೊಕ್ಕಾ ಕೂಡಿಸಿದ್ರೇನ್ರಿ ಅವರು?" ಎಂದು ಅದೊಂದನ್ನೇ ಕೇಳಿದರು. ಹೌದೆಂದೆವು. "ನಮ್ಮಾಂವಗ ಚಹಾ ಕಾಸಾಕೂ ಬರೂದಿಲ್ರಿ" ಎಂದು ನಕ್ಕರು.

ಕಾಲೇಜು ಬಿಡಿಸಬೇಡಿ, ಗಿಟಾರನ್ನೂ ಕಸಿಯಬೇಡಿ ಎಂದಷ್ಟೇ ಹೇಳಿ ಕಳಿಸಿದೆವು. ನಮ್ಮ ಜಿಲ್ಲೆಯ ಮಿರಜದಲ್ಲಿ ಸೋರೆಬುರುಡೆಗೆ ತಂತಿ ಬಿಗಿದು ತಂಬೂರಿ, ಸಿತಾರು ಮಾಡುವ ಮನೆತನಗಳಿವೆ. ದೊಡ್ಡ ದೊಡ್ಡ ಗವಾಯಿಗಳ ಬೆನ್ನ ಹಿಂದೆ ನುಡಿದ ತಂಬೂರಿಗಳು ಅಲ್ಲಿಂದ ಹೋದವು. ಬರುವ ತಿಂಗಳು ಶಾಲೆಯ ಹಾರ್ಮೋನಿಯಂ ದುರಸ್ತಿಗೆ ನಾವು ಅಲ್ಲಿಗೆ ಹೋಗುವವರಿದ್ದೇವೆ. ಹುಡುಗ ಜೊತೆಗೆ ಬರಲು ಒಪ್ಪಿದ್ದಾನೆ. ಬಸ್ಸಿನ ಖರ್ಚು ತನ್ನದೇ ಎಂದು ತಂದೆ ಹೇಳಿ ಕಳಿಸಿದ್ದಾರೆ.