ಉಪ್ಪಿನ ಸಾಕ್ಷಿ

ಮುಂಬಯಿಯ ಮಳೆಗಾಲದಲ್ಲಿ ಉಪ್ಪು ನೀರೊಡೆಯುವುದೂ ಹಪ್ಪಳ ಮೆತ್ತಗಾಗುವುದೂ ವಾಚಕರಿಗೆ ಹೊಸತಲ್ಲ. ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ತಾಯಿಯವರ ಹೃದಯಕ್ಕಾಗಿ ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಗುಳಿಗೆಗಳನ್ನು, ಅವರ ಬೆರಳಿಗೆ ಕಷ್ಟವಾಗದಿರಲೆಂದು, ನಾವೇ ಪಟ್ಟಿಯಿಂದ ಬಿಡಿಸಿ ಡಬ್ಬಿಯಲ್ಲಿ ತುಂಬಿ ಒಲೆಯ ಮೇಲಿನ ಗೂಡಿನಲ್ಲಿಟ್ಟಿದ್ದೆವು. ಕೆಲವು ವಾರಗಳ ಮೇಲೆ ಮುಚ್ಚಳ ತೆಗೆದರೆ ವಿನಿಗರಿನ ಹುಳಿ ಘಾಟು! ತೇವ ತಗಲಿದರೆ ಆಸ್ಪಿರಿನ್ ಒಡೆದು ಅಸಿಟಿಕ್ ಆಮ್ಲವೂ ಸ್ಯಾಲಿಸಿಲಿಕ್ ಆಮ್ಲವೂ ಆಗುತ್ತದೆ. ಉಪಕಾರ ಮಾಡಹೋಗಿ ಔಷಧವನ್ನು ಕೆಡಿಸಿದ್ದೆವು.

ತೇವದ ಈ ಕಾಟವನ್ನು ಮೊದಲೇ ಅರಿಯಲು ಔಷಧಶಾಸ್ತ್ರಜ್ಞರು ಕ್ಯಾಲೊರಿಮೀಟರ್ ಎಂಬ ಉಪಕರಣದಲ್ಲಿ ಪುಡಿಯನ್ನಿಟ್ಟು, ಅದರ ಮೇಲೆ ತೇವದ ಗಾಳಿ ಹಾಯಿಸುತ್ತಾರೆ. ಪುಡಿ ತೇವ ಹೀರಿದರೂ ಹರಳುಗಟ್ಟಿದರೂ ಶಾಖ ಹೊರಡುತ್ತದೆ. ಒಂದು ವ್ಯಾಟಿನ ಹತ್ತು ಲಕ್ಷದಲ್ಲೊಂದು ಪಾಲನ್ನೂ ಉಪಕರಣ ಗುರುತಿಸುತ್ತದೆ. ಗುಳಿಗೆಗೆ ಬೆರೆಸುವ ಲ್ಯಾಕ್ಟೋಸಿನ ಹರಳುಗಟ್ಟದ ಭಾಗವು, 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಾಳಿಯ ತೇವ ಸುಮಾರು ಶೇಕಡ 50 ಮೀರಿದರೆ ಹರಳುಗಟ್ಟತೊಡಗುತ್ತದೆ.

ಆದರೆ ಗಾಳಿಯಲ್ಲಿ ನೀರಾವಿ ಯಂತ್ರ ಹೇಳಿದಷ್ಟೇ ಇದೆಯೆಂದು ನಂಬುವುದು ಹೇಗೆ? ಒಣಗಾಳಿಯನ್ನೂ ತೇವದ ಗಾಳಿಯನ್ನೂ ಬೆರೆಸುವಲ್ಲಿ ತಪ್ಪಬಹುದು. ಆಗ ಸಾಕ್ಷಿಗೆ ಬರುವುದು ನಮ್ಮ ಅಡಿಗೆಮನೆಯ ಉಪ್ಪೇ! ಕರಗುವಷ್ಟೂ ಕರಗಿ, ಇನ್ನೂ ಹರಳು ಉಳಿದಿರುವ ಉಪ್ಪುನೀರಿನ ಮೇಲೆ, 25 ಡಿಗ್ರಿಯಲ್ಲಿ, ತೇವ ಶೇಕಡ 75.3ಕ್ಕೆ ನಿಲ್ಲುತ್ತದೆ. ಪುಡಿಯ ಬದಲು ಇದನ್ನಿಟ್ಟು ಗಾಳಿಯ ತೇವವನ್ನು ನಿಧಾನವಾಗಿ ಏರಿಸುತ್ತಾರೆ. ಗಾಳಿಯ ತೇವ ಕಡಿಮೆಯಿದ್ದಾಗ ಉಪ್ಪುನೀರು ಆರುತ್ತ ಶಾಖವನ್ನು ಎಳೆದುಕೊಳ್ಳುತ್ತದೆ. ಹೆಚ್ಚಾದಾಗ ಆವಿ ಅದರಲ್ಲಿ ಸೇರಿ ಶಾಖ ಕೊಡುತ್ತದೆ. ಕೊಡುವುದೂ ಕೊಳ್ಳುವುದೂ ನಿಂತು ಲೆಕ್ಕ ಸೊನ್ನೆಗೆ ಬಂದ ಗಳಿಗೆಯಲ್ಲಿ ಯಂತ್ರ 75.3 ಎನ್ನಬೇಕು. 78 ಎಂದರೆ ಸುಳ್ಳು ಯಂತ್ರದ್ದು. ಮೆಗ್ನೀಸಿಯಮ್ ಕ್ಲೋರೈಡನ್ನಿಟ್ಟು 32.8ರಲ್ಲಿ ಇನ್ನೊಮ್ಮೆ ತಾಳೆ ನೋಡಬಹುದು. ಒಂದೇ ಎಚ್ಚರಿಕೆ: ಹರಳು ಪೂರ್ತಿ ಕರಗಿತೋ, ಸಾಕ್ಷಿಯ ಮಾತೂ ಬಿದ್ದುಹೋಗುತ್ತದೆ.

ಕಚೇರಿಯಲ್ಲಿ ದಿನವೂ ಲೆಕ್ಕ ತಾಳೆ ನೋಡುವ ನಮಗೆ ಈ ಕ್ರಮ ಬಹಳ ಹಿಡಿಸಿತು. ಯಾವ ವಹಿಯೂ ತನಗೆ ತಾನೇ ಸಾಕ್ಷಿಯಾಗಲಾರದಷ್ಟೆ! ಮನೆಯಲ್ಲಿ ಉಪಕರಣವೇನೂ ಬೇಡ. ಉಪ್ಪು ನೀರೊಡೆದ ದಿನ ಗುಳಿಗೆಗೂ ಕಾಲ ಸರಿಯಿಲ್ಲವೆಂದು ತಿಳಿದರೆ ಸಾಕು.

ತಾಯಿಯವರ ಗುಳಿಗೆಗಳು ಈಗ ಪಟ್ಟಿಯಲ್ಲಿಯೇ ಇವೆ. ದಿನಕ್ಕೊಂದನ್ನು ನಾವೇ ಬಿಡಿಸಿ, ಅವರ ಅಂಗೈಗೆ ಹಾಕಿ ಕಚೇರಿಗೆ ಹೊರಡುತ್ತೇವೆ.